ಹಿಡಿಯುತ್ತದೆ, ಆದರೆ ಒಳಗೆ ಎಳೆಯುವುದಿಲ್ಲ

ಜೀವಕೋಶದ ಮೈಮೇಲಿನ ರಿಸೆಪ್ಟರ್ ಸರಿಯಾಗಿ ಕೆಲಸ ಮಾಡುತ್ತಿರುವಷ್ಟು ದಿನ ಅದರ ಯಾವ ಭಾಗ ಏನು ಮಾಡುತ್ತಿದೆ ಅಂತ ತಿಳಿಯುವುದು ಕಷ್ಟ. ಎಲ್ಲಾದರೂ ಒಂದು ಕಡೆ ಕೆಡಬೇಕು. ಆಗ ಯಾವ ಕೆಲಸ ನಿಂತಿತು, ಯಾವುದು ಇನ್ನೂ ನಡೆಯುತ್ತಿದೆ ಅಂತ ನೋಡಬಹುದು. ಇದನ್ನು ಚೆನ್ನಾಗಿ ಕಲಿಸಿದ್ದು ಎಲ್‌ಡಿಎಲ್ ರಿಸೆಪ್ಟರ್. ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ತಿರುಗುವ ಎಲ್‌ಡಿಎಲ್ ಕಣಗಳನ್ನು ಹಿಡಿದು ಕೋಶದೊಳಕ್ಕೆ ಎಳೆದುಕೊಳ್ಳುವ ಪ್ರೋಟೀನ್ ಅದು.

1970ರ ದಶಕದಲ್ಲಿ ಡಲ್ಲಾಸ್‌ನಲ್ಲಿ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್, ಹುಟ್ಟಿನಿಂದಲೇ ವಿಪರೀತ ಕೊಲೆಸ್ಟ್ರಾಲ್ ಇದ್ದವರ ಚರ್ಮದ ಕೋಶಗಳನ್ನು ಬೆಳೆಸಿ ನೋಡುತ್ತಿದ್ದರು. ಎಷ್ಟೋ ರೋಗಿಗಳ ಕೋಶಗಳಿಗೆ ಎಲ್‌ಡಿಎಲ್ ಹಿಡಿಯಲಿಕ್ಕೇ ಬರುತ್ತಿರಲಿಲ್ಲ. ಜೆ.ಡಿ. ಎಂಬ ಎರಡಕ್ಷರದಿಂದ ಗುರುತಿಸುವ ರೋಗಿಯ ಕೋಶಗಳದ್ದು ಬೇರೆಯೇ ಕಥೆ. ಅವು ಹಿಡಿಯುತ್ತಿದ್ದವು, ಒಳಗೆ ಮಾತ್ರ ಎಳೆದುಕೊಳ್ಳುತ್ತಿರಲಿಲ್ಲ.

ಅವರ ಸಹೋದ್ಯೋಗಿ ರಿಚರ್ಡ್ ಆಂಡರ್ಸನ್ ಎಲ್‌ಡಿಎಲ್‌ಗೆ ಫೆರಿಟಿನ್ ಎಂಬ ಕಬ್ಬಿಣ ತುಂಬಿದ ಪ್ರೋಟೀನ್ ಅಂಟಿಸಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಇಟ್ಟರು. ಒಂದೊಂದು ಕಣವೂ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಸರಿಯಿರುವ ಕೋಶದಲ್ಲಿ ಚುಕ್ಕೆಗಳು ಪುಟ್ಟ ಗುಳಿಗಳಲ್ಲಿ ಗುಂಪುಗೂಡಿರುತ್ತವೆ. ಈ ಗುಳಿಗಳೇ ಚೀಲಗಳಾಗಿ ಒಳಕ್ಕೆ ಕಳಚಿಕೊಳ್ಳುತ್ತವೆ, ಇವು ಕೋಶದ ಮೇಲ್ಮೈಯ ಬರೀ 2% ಜಾಗ ಅಷ್ಟೇ. ಜೆ.ಡಿ. ಕೋಶದಲ್ಲಿ ಗುಳಿಗಳೂ ಇದ್ದವು, ಚುಕ್ಕೆಗಳೂ ಇದ್ದವು. ಆದರೆ ಚುಕ್ಕೆಗಳು ಗುಳಿ ಬಿಟ್ಟು ಎಲ್ಲೆಲ್ಲೋ ಚೆಲ್ಲಾಡಿದ್ದವು.

ಹಾಗಾದರೆ ಹಿಡಿಯುವ ಪ್ರೋಟೀನ್ ಒಂದು, ಎಳೆಯುವ ಪ್ರೋಟೀನ್ ಇನ್ನೊಂದು ಇರಬಹುದು ಅಲ್ವಾ? ಈ ಇಡೀ ಕಥೆಯಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಇದಕ್ಕೆ ಸಿಕ್ಕ ಉತ್ತರ, ಯಾಕೆಂದರೆ ಆಗಿನ್ನೂ ಈ ಜೀನ್ ಯಾರ ಕೈಗೂ ಸಿಕ್ಕಿರಲಿಲ್ಲ. ಅವರು ಜೆ.ಡಿ.ಯ ತಂದೆತಾಯಿಯ ಕೋಶಗಳನ್ನು ನೋಡಿದರು. ತಾಯಿಯಿಂದ ಬಂದಿದ್ದು ಹಿಡಿಯಲು ಬಾರದ ಪ್ರತಿ, ತಂದೆಯಿಂದ ಬಂದಿದ್ದು ಒಳಗೆ ಹೋಗದ ಪ್ರತಿ. ಇವೆರಡು ಬೇರೆ ಬೇರೆ ಜೀನ್‌ಗಳಾಗಿದ್ದರೆ ಮಗುವಿನಲ್ಲಿ ಎರಡಕ್ಕೂ ಒಂದೊಂದು ಒಳ್ಳೆಯ ಪ್ರತಿ ಉಳಿಯಬೇಕಿತ್ತು, ಸ್ವಲ್ಪವಾದರೂ ಎಲ್‌ಡಿಎಲ್ ಒಳಗೆ ಹೋಗಬೇಕಿತ್ತು. ಹೋಗುತ್ತಿರಲಿಲ್ಲ. ಅಂದಮೇಲೆ ಜೀನ್ ಒಂದೇ, ಪ್ರೋಟೀನ್ ಒಂದೇ, ಅದರಲ್ಲಿ ಕೆಲಸ ಹಂಚಿಕೊಂಡ ಭಾಗಗಳಿವೆ. 1977ರಲ್ಲಿ ಇದು ಪ್ರಕಟವಾಯಿತು.

1985ರಲ್ಲಿ ಬ್ರೌನ್, ಗೋಲ್ಡ್‌ಸ್ಟೀನ್ ಇಬ್ಬರಿಗೂ ನೊಬೆಲ್ ಬಂತು. ಅದರ ಹಿಂದಿನ ವರ್ಷವೇ ರಿಸೆಪ್ಟರಿನ ಪೂರ್ತಿ ಅಕ್ಷರಮಾಲೆ ಸಿಕ್ಕಿತ್ತು: 839 ಅಮೈನೊ ಆಮ್ಲ (ಪ್ರೋಟೀನ್ ಸರದ ಮಣಿಗಳು), ಅದರಲ್ಲಿ ಕೋಶದೊಳಗೆ ಚಾಚಿದ ಬಾಲ ಬರೀ 50. ಜೆ.ಡಿ.ಯ ತಪ್ಪು 1986ರಲ್ಲಿ ಆ ಬಾಲದಲ್ಲೇ ಪತ್ತೆಯಾಯಿತು. ಡಿಎನ್‌ಎಯ ಒಂದು ಅಕ್ಷರ ಬದಲಾಗಿ 807ನೇ ಜಾಗದ ಟೈರೋಸಿನ್ ಹೋಗಿ ಸಿಸ್ಟೀನ್ ಬಂದಿತ್ತು. ಅಷ್ಟೇ! ಆಮೇಲೆ ಲ್ಯಾಬಿನಲ್ಲಿ ಬೇಕಂತಲೇ ಅದೇ ಜಾಗ ಬದಲಿಸಿ ನೋಡಿದರು. ಫಿನೈಲ್‌ಅಲನಿನ್ ಹಾಕಿದರೂ ನಡೆಯುತ್ತದೆ, ಟ್ರಿಪ್ಟೊಫಾನ್ ಹಾಕಿದರೂ ನಡೆಯುತ್ತದೆ. ಎರಡಕ್ಕೂ ಟೈರೋಸಿನ್‌ಗೆ ಇರುವಂತೆ ಉಂಗುರವಿದೆ, ಸಿಸ್ಟೀನ್‌ಗೆ ಇಲ್ಲ. ಬಾಲದ ಮೊದಲ 22 ಅಮೈನೊ ಆಮ್ಲ ಉಳಿಸಿ ಮಿಕ್ಕಿದ್ದನ್ನು ಕತ್ತರಿಸಿದರೂ ರಿಸೆಪ್ಟರ್ ಒಳಗೆ ಹೋಗುತ್ತಿತ್ತು.

ಆದರೆ ಕೆಟ್ಟಿದ್ದನ್ನೆಲ್ಲ ಹೀಗೆ ಓದಲು ಹೋದರೆ ಮೋಸ ಹೋಗುತ್ತೇವೆ. ಹುಟ್ಟಿನಿಂದಲೇ ಕೊಲೆಸ್ಟ್ರಾಲ್ ಜಾಸ್ತಿ ಇರುವ ವಟನಾಬೆ ಮೊಲ ಎಂಬ ತಳಿಯಲ್ಲಿ ಎಲ್‌ಡಿಎಲ್ ಹಿಡಿಯುವ ಭಾಗದಿಂದ 4 ಅಮೈನೊ ಆಮ್ಲ ಮಾಯವಾಗಿವೆ. ಹಿಡಿತ ತಪ್ಪಿದ್ದೇ ತೊಂದರೆ ಅನಿಸುತ್ತದೆ. ನಿಜಕ್ಕೂ ಪ್ರೋಟೀನ್ ಸರಿಯಾಗಿ ಮಡಚಿಕೊಳ್ಳದೆ ಮೇಲ್ಮೈಗೆ ಬರುವ ದಾರಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಮೊದಲು ಕೇಳಬೇಕಾದ್ದು, ಅದು ಮೇಲ್ಮೈ ತಲುಪಿತೇ ಅಂತ.

ಹಿಡಿಯುವ ಭಾಗದ ಪಕ್ಕದಲ್ಲಿ ಇಜಿಎಫ್ (ಕೋಶಗಳನ್ನು ಬೆಳೆಯುವಂತೆ ಮಾಡುವ ಒಂದು ಪ್ರೋಟೀನ್) ಹೋಲುವ ಒಂದು ತುಂಡಿದೆ. ಸುಮ್ನೆ ಜಾಗ ತುಂಬಲು ಇದೆಯೇನೋ ಅನಿಸುವಂಥದ್ದು. 1987ರಲ್ಲಿ ಅದನ್ನು ತೆಗೆದು ನೋಡಿದಾಗ, ಕೋಶದೊಳಗಿನ ಆಮ್ಲೀಯ ಚೀಲದಲ್ಲಿ ರಿಸೆಪ್ಟರ್ ತನ್ನ ಹೊರೆಯನ್ನು ಬಿಡಲಿಲ್ಲ, ಮೇಲ್ಮೈಗೆ ವಾಪಸ್ಸೂ ಬರಲಿಲ್ಲ. ಹಾಗೆ ಬಿಡಿಸುವುದು ಹೇಗೆ ಅನ್ನುವುದಕ್ಕೆ 2002ರಲ್ಲಿ ಸುಳಿವು ಸಿಕ್ಕಿತು: ರಿಸೆಪ್ಟರನ್ನು ಆಮ್ಲೀಯ ಸ್ಥಿತಿಯಲ್ಲಿ ಹರಳಾಗಿಸಿ ತೆಗೆದ ಚಿತ್ರದಲ್ಲಿ ಈ ತುಂಡು ಹಿಡಿಯುವ ಭಾಗದ ಮೇಲೆಯೇ ಮಡಚಿ ಕೂತಿತ್ತು.

ಅದೇ ತುಂಡನ್ನು ಪಿಸಿಎಸ್‌ಕೆ9 ಎಂಬ ಪ್ರೋಟೀನ್ ಕೂಡ ಹಿಡಿದುಕೊಳ್ಳುತ್ತದೆ. ಹಿಡಿದರೆ ರಿಸೆಪ್ಟರ್ ಮೇಲ್ಮೈಗೆ ಮರಳುವುದಿಲ್ಲ, ಒಳಗೇ ಚೂರಾಗುತ್ತದೆ. ಕೆಲವು ಕುಟುಂಬಗಳಲ್ಲಿ ರಿಸೆಪ್ಟರಿನ 306ನೇ ಹಿಸ್ಟಿಡಿನ್ ಜಾಗದಲ್ಲಿ ಟೈರೋಸಿನ್ ಇದೆ. ಅವರ ರಿಸೆಪ್ಟರ್ ಪಿಸಿಎಸ್‌ಕೆ9ಗೆ ಮಾಮೂಲಿಗಿಂತ ಬಿಗಿಯಾಗಿ ಅಂಟಿಕೊಳ್ಳುತ್ತದೆ.