ಸುಕ್ಕಿನ ಕ್ರೀಮಿಗೆ ಪೆಪ್ಟೈಡ್ ಬಂದ ದಾರಿ

ಅಡಿಕೆ ಸುಗ್ಗಿ ಮುಗಿಸಿ ಶಿವಮೊಗ್ಗಕ್ಕೆ ಬಂದಿದ್ದ ನಮ್ಮ ಅತ್ತಿಗೆ ದುರ್ಗಿಗುಡಿಯಲ್ಲಿ ಒಂದು ಪುಟ್ಟ ಸೀರಮ್ ಬಾಟಲಿ ಕೊಂಡರು. ಮೇಲೆ 'ಪೆಪ್ಟೈಡ್' ಅಂತ ದೊಡ್ಡದಾಗಿ ಬರೆದಿತ್ತು. "ಇದ್ರಿಂದ ಸುಕ್ಕು ಹೋಗ್ತದೇನೇ, ಇಲ್ಲ ಸುಮ್ನೆ ಹೆಸರು ಮಾತ್ರನಾ?" ಎಂದು ಕೇಳಿದರು. ದುಡ್ಡು ಕೊಟ್ಟವರು ಕೇಳಲೇಬೇಕಾದ ಪ್ರಶ್ನೆ, ಅಲ್ವಾ?

ಪ್ರೋಟೀನ್ ಒಂದು ಮಾರು ಹೂವಾದರೆ, ಪೆಪ್ಟೈಡ್ ಅದರಿಂದ ಕತ್ತರಿಸಿದ ನಾಲ್ಕೈದು ಹೂವಿನ ತುಂಡು. ಇಲ್ಲಿ ಹೂವೆಂದರೆ ಅಮೈನೊ ಆಮ್ಲ.

ಈ ಕಥೆ ಶುರುವಾದದ್ದು ಮುಖದ ಅಂದಕ್ಕಾಗಿ ಅಲ್ಲ. ವಯಸ್ಸಾದವರ ಲಿವರ್ ಕೋಶಗಳನ್ನು ಎಳೆಯರ ರಕ್ತದ ಜೊತೆ ಇಟ್ಟರೆ ಅವು ಎಳೆಯ ಕೋಶಗಳಂತೆ ಕೆಲಸ ಮಾಡುವುದನ್ನು ಅಮೆರಿಕದ ವಿಜ್ಞಾನಿ ಲೊರೆನ್ ಪಿಕಾರ್ಟ್ ಗಮನಿಸಿದರು. ಅದಕ್ಕೆ ಕಾರಣವಾದ ವಸ್ತುವನ್ನು 1973ರಲ್ಲಿ ರಕ್ತದಿಂದ ಬೇರ್ಪಡಿಸಿದರು. ಬರೀ ಮೂರು ಅಮೈನೊ ಆಮ್ಲಗಳ ತುಂಡು ಅದು. ತಾಮ್ರವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಗಾಯ ಮಾಯುವುದರಲ್ಲಿ ಅದರ ಪಾತ್ರವೇನು ಎಂಬ ಸಂಶೋಧನೆ ನಡೆಯಿತು. ಆಮೇಲೆ 'ಕಾಪರ್ ಪೆಪ್ಟೈಡ್' ಎಂಬ ಹೆಸರಲ್ಲಿ ಕ್ರೀಮಿಗೂ ಬಂತು.

ಮುಂದಿನ ಹೆಜ್ಜೆ 1993ರದು. ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಪ್ರೋಟೀನ್ ಕೊಲಾಜೆನ್. ಅದರ ಮೂಲರೂಪದಲ್ಲಿರುವ ಐದು ಅಮೈನೊ ಆಮ್ಲಗಳ ಒಂದು ತುಂಡನ್ನು ಪ್ರಯೋಗಾಲಯದಲ್ಲಿ ಕೋಶಗಳಿಗೆ ಕೊಟ್ಟಾಗ ಅವು ಹೊಸ ಕೊಲಾಜೆನ್ ಜಾಸ್ತಿ ಮಾಡಿದವು. ತುಂಡು ಕಂಡರೆ ಕೋಶಕ್ಕೆ ದುರಸ್ತಿ ಕೆಲಸದ ಸೂಚನೆ ಸಿಕ್ಕಂತೆ. ನನಗೆ ಈ ಇಡೀ ಕಥೆಯಲ್ಲಿ ತುಂಬಾ ಹಿಡಿಸಿದ ಸಂಗತಿ ಇದು.

ಆದರೆ ಗಾಜಿನ ತಟ್ಟೆಯೇ ಬೇರೆ, ಮುಖವೇ ಬೇರೆ. ಹೊರಗಿನದನ್ನು ಒಳಗೆ ಬಿಡದಿರುವುದೇ ಚರ್ಮದ ಕೆಲಸ. ಸುಮಾರು 500 ಡಾಲ್ಟನ್‌ಗಿಂತ (ಡಾಲ್ಟನ್ ಎಂದರೆ ಅಣುವಿನ ತೂಕದ ಅಳತೆ) ಭಾರದ ಅಣುಗಳು ಚರ್ಮ ದಾಟುವುದು ಕಷ್ಟ ಎಂಬುದು ಒಂದು ಲೆಕ್ಕ. ಕೊಲಾಜೆನ್‌ನ ಆ ಐದರ ತುಂಡು ಅದಕ್ಕಿಂತ ಸ್ವಲ್ಪ ಭಾರ. ಮೇಲಾಗಿ ನೀರನ್ನು ಇಷ್ಟಪಡುವಂಥದ್ದು. ಚರ್ಮದ ಹೊರಪದರದಲ್ಲಿರುವುದು ಜಿಡ್ಡು. ಹಾಗಾಗಿ ಫ್ರಾನ್ಸಿನ ಸೆಡರ್ಮಾ ಕಂಪನಿ ಅದಕ್ಕೊಂದು ಜಿಡ್ಡಿನ ಬಾಲ ಸೇರಿಸಿತು. ತೂಕ ಇನ್ನೂ ಹೆಚ್ಚಿತು, ಆದರೆ ಜಿಡ್ಡಿಗೆ ಜಿಡ್ಡು ಹೊಂದಿಕೊಂಡಿತು. ಅದೇ ಮ್ಯಾಟ್ರಿಕ್ಸಿಲ್.

2005ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 93 ಹೆಂಗಸರು 12 ವಾರ ಮುಖದ ಒಂದು ಬದಿಗೆ ಈ ಪೆಪ್ಟೈಡ್ ಇರುವ ಕ್ರೀಮ್, ಇನ್ನೊಂದು ಬದಿಗೆ ಇಲ್ಲದ್ದು ಹಚ್ಚಿದರು. ಹತ್ತು ಲಕ್ಷ ಭಾಗಕ್ಕೆ 3 ಭಾಗ ಪೆಪ್ಟೈಡ್, ಅಷ್ಟೇ. ಸಣ್ಣ ಗೆರೆಗಳು ಕಡಿಮೆಯಾದವು. ಬದಲಾವಣೆ ನಿಜ, ಆದರೆ ಚಿಕ್ಕದು. ಪರೀಕ್ಷೆ ಮಾಡಿದವರು ಕ್ರೀಮ್ ಮಾರುವ ಕಂಪನಿಯ ವಿಜ್ಞಾನಿಗಳೇ ಎಂಬುದನ್ನೂ ನೆನಪಿಡಬೇಕು.

ಇನ್ನೊಂದು ಪೆಪ್ಟೈಡ್ ಸ್ಪೇನಿನ ಆರ್ಜಿರೆಲಿನ್. ಬೊಟಾಕ್ಸ್ ಸ್ನಾಯುವನ್ನು ಸಡಿಲಿಸುತ್ತದಲ್ಲ, ಆ ದಾರಿಯನ್ನೇ ಅನುಕರಿಸಲು ಮಾಡಿದ್ದು. 2002ರ ಅಧ್ಯಯನದಲ್ಲಿ ಒಳ್ಳೆಯ ಫಲಿತಾಂಶ ಬಂದಿತ್ತು, ಆದರೆ ಅದರಲ್ಲಿದ್ದವರು 10 ಮಂದಿ. ಬೊಟಾಕ್ಸನ್ನು ಸೂಜಿಯಿಂದ ಸ್ನಾಯುವಿಗೇ ಕೊಡುತ್ತಾರೆ. ಮೇಲೆ ಹಚ್ಚಿದ್ದು ಅಷ್ಟು ಆಳಕ್ಕೆ ಇಳಿಯುತ್ತದೆ ಎಂದು ನಂಬುವುದು ನನಗೆ ಕಷ್ಟ.

ಅತ್ತಿಗೆಗೆ ನಾನು ಮೊದಲು ಹೇಳಿದ್ದು ಬಿಸಿಲಿನ ವಿಷಯ. ಸುಗ್ಗಿಯಲ್ಲಿ ಬೇಯಿಸಿದ ಅಡಿಕೆ ಹರವುವುದು, ಕೈಯಾಡಿಸುವುದು, ಸಂಜೆ ರಾಶಿ ಮಾಡುವುದು, ಎಲ್ಲ ಅಂಗಳದ ಬಿಸಿಲಲ್ಲೇ. ಕೊಲಾಜೆನ್ ಹಾಳಾಗಲು ಬಿಸಿಲು ದೊಡ್ಡ ಕಾರಣ. ಆಸ್ಟ್ರೇಲಿಯಾದಲ್ಲಿ 903 ಜನರನ್ನು ನಾಲ್ಕೂವರೆ ವರ್ಷ ಗಮನಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ದಿನಾ ಸನ್‌ಸ್ಕ್ರೀನ್ ಹಚ್ಚಿ ಎಂದು ಯಾರಿಗೆ ಹೇಳಿದ್ದರೋ ಅವರಲ್ಲಿ, ಉಳಿದವರಿಗಿಂತ, ಚರ್ಮಕ್ಕೆ ವಯಸ್ಸಾಗುವ ಲಕ್ಷಣ 24% ಕಡಿಮೆ ಇತ್ತು. ಪೆಪ್ಟೈಡ್‌ಗೆ ಇಷ್ಟು ದೀರ್ಘ ಕಾಲದ ಪರೀಕ್ಷೆಯ ಬಲ ನನಗೆ ಕಂಡಿಲ್ಲ.

ಆಮೇಲೆ ಇಬ್ಬರೂ ಕೂತು ಬಾಟಲಿಯ ಮೇಲಿನ ಪದಾರ್ಥಗಳ ಪಟ್ಟಿ ಓದಿದೆವು. ಪಟ್ಟಿಯಲ್ಲಿ ಹೆಚ್ಚಿರುವುದು ಮೊದಲು ಬರುತ್ತದೆ. ಆದರೆ 1% ಅಥವಾ ಅದಕ್ಕಿಂತ ಕಡಿಮೆ ಇರುವ ವಸ್ತುಗಳನ್ನು ಕೊನೆಯಲ್ಲಿ ಯಾವ ಕ್ರಮದಲ್ಲಿ ಬೇಕಾದರೂ ಬರೆಯಬಹುದು. ಹಾಗಾಗಿ ಜಾಗ ನೋಡಿ ಪ್ರಮಾಣ ಊಹಿಸಲಾಗದು. ಪಾಮಿಟಾಯ್ಲ್ ಪೆಂಟಾಪೆಪ್ಟೈಡ್-4 ಅಲ್ಲಿತ್ತು, ಮ್ಯಾಟ್ರಿಕ್ಸಿಲ್‌ನದೇ ಪೆಪ್ಟೈಡ್. ಎಷ್ಟಿದೆ ಎಂದು ಎಲ್ಲೂ ಬರೆದಿರಲಿಲ್ಲ.