ಮನೆಗೆ ಬೆಂಕಿ ಬಿದ್ದಾಗ ಮೊದಲು ಏನು ಎತ್ತಿಕೊಳ್ಳೋದು?

1880ರಲ್ಲಿ ಒಬ್ಬ ಜರ್ಮನ್ ಹವಾಯಿ ದ್ವೀಪದಲ್ಲಿ ಇಳಿದ. ವಯಸ್ಸು ಐವತ್ತು ದಾಟಿತ್ತು. ಅಲ್ಲಿನ ರಾಜ ಕಲಾಕೌವನ ಬಳಿ ಒಂದು ಕೈಬರಹದ ಪ್ರತಿ ಇತ್ತು. ‘ಕುಮುಲಿಪೊ’ ಅನ್ನುವ ಸೃಷ್ಟಿಯ ಹಾಡು ಅದು, ಎರಡು ಸಾವಿರಕ್ಕೂ ಜಾಸ್ತಿ ಸಾಲು. ಮೊದಲು ಕತ್ತಲು. ಕತ್ತಲಲ್ಲಿ ಹವಳ ಹುಟ್ಟುತ್ತದೆ. ಆಮೇಲೆ ಹುಳು, ನಕ್ಷತ್ರಮೀನು, ಹೀಗೆ ಒಂದೊಂದೇ ಜೀವಿ. ಹಾಡು ಕೊನೆಗೆ ರಾಜನ ವಂಶದವರೆಗೆ ಬಂದು ನಿಲ್ಲುತ್ತದೆ. ಇದನ್ನು ಬಾಯಿಪಾಠ ಹೇಳುವವರು ಕಮ್ಮಿಯಾಗುತ್ತಿದ್ದ ಕಾಲ. ಬಂದವನು ಕೂತು ಅದರ ಒಂದಷ್ಟು ಭಾಗವನ್ನು ನಕಲು ಮಾಡಿಕೊಂಡ. ಮರುವರ್ಷವೇ ಜರ್ಮನ್ ಅನುವಾದದ ಜೊತೆ ಅಚ್ಚು ಹಾಕಿಸಿದ.

ಅವನ ಹೆಸರು ಅಡೋಲ್ಫ್ ಬಾಸ್ಟಿಯನ್. ಬರ್ಲಿನ್‌ನ ಜನಾಂಗ ಅಧ್ಯಯನ ಮ್ಯೂಸಿಯಂನ ಮೊದಲ ನಿರ್ದೇಶಕ. ಆದರೆ ಕುರ್ಚಿಯಲ್ಲಿ ಕೂತಿದ್ದಕ್ಕಿಂತ ಹಡಗಿನಲ್ಲಿ ಕೂತಿದ್ದೇ ಜಾಸ್ತಿ ಅನ್ನಿಸುತ್ತದೆ.

ಹುಟ್ಟಿದ್ದು 1826ರಲ್ಲಿ, ಬ್ರೆಮೆನ್ ಎಂಬ ಬಂದರು ಊರಿನಲ್ಲಿ. ಮೊದಲು ಕಾನೂನು ಓದಿದ, ಆಮೇಲೆ ವೈದ್ಯಕೀಯ. 1850ರಲ್ಲಿ ಡಾಕ್ಟರ್ ಆದ. ಊರಲ್ಲಿ ಬೋರ್ಡು ಹಾಕಿಕೊಂಡು ಕೂರುವ ಬದಲು ಹಡಗಿನ ವೈದ್ಯನಾಗಿ ಹೊರಟೇಬಿಟ್ಟ. ಆಸ್ಟ್ರೇಲಿಯಾ, ಪೆರು, ಮೆಕ್ಸಿಕೊ, ಚೀನಾ, ಭಾರತ, ಆಫ್ರಿಕಾ ಎಲ್ಲ ಸುತ್ತಿ ಊರಿಗೆ ಮರಳಿದ್ದು ಎಂಟು ವರ್ಷದ ನಂತರ. 1860ರಲ್ಲಿ ಮೂರು ಸಂಪುಟದ ಪುಸ್ತಕ ಹೊರತಂದ. ಮರುವರ್ಷ ಮತ್ತೆ ಮಾಯ: ಈ ಸಲ ಬರ್ಮಾ, ಸಯಾಮ್ (ಈಗಿನ ಥಾಯ್ಲೆಂಡ್), ಕಾಂಬೋಡಿಯಾದ ಅಂಕೋರ್‌ನ ಹಾಳು ದೇಗುಲಗಳು. ಆ ಪ್ರವಾಸದಿಂದ ಆರು ಸಂಪುಟ. ಬರವಣಿಗೆ ಮಾತ್ರ ದೇವರಿಗೇ ಪ್ರೀತಿ. ಒಂದು ವಾಕ್ಯ ಶುರುವಾದರೆ ಎಲ್ಲಿ ಮುಗಿಯುತ್ತದೆ ಅಂತ ಜರ್ಮನರೇ ತಲೆ ಕೆರೆದುಕೊಳ್ಳುತ್ತಿದ್ದರು.

ಇಷ್ಟೆಲ್ಲ ಸುತ್ತಿ ಅವನು ಕಂಡುಕೊಂಡಿದ್ದೇನು? ಗ್ರಹಣದ ಉದಾಹರಣೆ ತಗೊಳ್ಳೋಣ. ನಮ್ಮ ಮನೆಗಳಲ್ಲಿ ಅಜ್ಜಿಯರು ‘ರಾಹು ನುಂಗ್ತಾನೆ’ ಅಂತ ಹೇಳಿ ಉಪ್ಪಿನಕಾಯಿ ಜಾಡಿಯ ಮೇಲೆ ದರ್ಭೆ ಇಡುತ್ತಿದ್ದರು. ಥಾಯ್ಲೆಂಡ್‌ನಲ್ಲೂ ಚಂದ್ರನನ್ನು ನುಂಗುವವನು ರಾಹುವೇ. ಇದರಲ್ಲಿ ಆಶ್ಚರ್ಯ ಇಲ್ಲ, ಕತೆ ಇಲ್ಲಿಂದಲೇ ಹಡಗು ಹತ್ತಿ ಹೋಗಿದೆ. ಆದರೆ ಪೆರುವಿನಲ್ಲಿ ಚಂದ್ರನ ಮೇಲೆ ಕಾಡುಮೃಗ ಎರಗುತ್ತದೆ ಅಂದುಕೊಂಡು ನಾಯಿಗಳನ್ನು ಹೊಡೆದು ಬೊಗಳಿಸುತ್ತಿದ್ದರು. ಉತ್ತರ ಯುರೋಪಿನ ಹಳೇ ಕತೆಯಲ್ಲಿ ಸೂರ್ಯನನ್ನು ತೋಳ ಅಟ್ಟಿಸಿಕೊಂಡು ಹೋಗುತ್ತದೆ. ಅಲ್ಲಿಗೆ ರಾಹುವನ್ನು ಯಾರು ಕೊಂಡೊಯ್ದರು?

ಯಾರೂ ಕೊಂಡೊಯ್ಯಬೇಕಿಲ್ಲ ಅಂದ ಬಾಸ್ಟಿಯನ್. ಮನುಷ್ಯನ ಮನಸ್ಸು ಎಲ್ಲ ಕಡೆ ಒಂದೇ. ಹಾಗಾಗಿ ಕೆಲವು ಮೂಲ ಯೋಚನೆಗಳು ಎಲ್ಲ ಕಡೆ ತಾವಾಗೇ ಮೊಳೆಯುತ್ತವೆ. ಇವಕ್ಕೆ ‘ಎಲೆಮೆಂಟಾರ್‌ಗೆಡಾಂಕನ್’ ಅಂತ ಹೆಸರಿಟ್ಟ. ಆ ಬೀಜ ಆಯಾ ನೆಲ, ಹವೆ, ಚರಿತ್ರೆಗೆ ತಕ್ಕ ಹಾಗೆ ಬೆಳೆದು ಒಂದೊಂದು ಕಡೆ ಒಂದೊಂದು ರೂಪ ತಾಳುತ್ತದೆ. ಅದು ‘ಫೋಲ್ಕರ್‌ಗೆಡಾಂಕನ್’, ಅಂದರೆ ಜನಪದದ ಯೋಚನೆ. ನುಂಗುವುದು ಬೀಜ, ರಾಹುವೋ ತೋಳವೋ ಅನ್ನುವುದು ಬೆಳೆ. ಎರವಲು ಇಲ್ಲವೇ ಇಲ್ಲ ಅಂತ ಅವನೇನೂ ಹೇಳಲಿಲ್ಲ. ಮೊದಲು ಮನಸ್ಸಿನಲ್ಲೇ ಹುಡುಕಿ, ಆಮೇಲೆ ಹಡಗನ್ನು ನೆನಪಿಸಿಕೊಳ್ಳಿ ಅಂದ, ಅಷ್ಟೇ. ಜನರನ್ನು ಮೇಲು ಕೀಳು ಅಂತ ತಳಿ ಪ್ರಕಾರ ಜೋಡಿಸುವ ಖಯಾಲಿ ಜೋರಾಗಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಬೀಜ ಯಾವುದು, ಬೆಳೆ ಯಾವುದು ಅಂತ ಬೇರ್ಪಡಿಸಲು ಲೋಕದ ಎಲ್ಲ ಕಡೆಯ ಸಾಕ್ಷಿ ಬೇಕಲ್ಲ? ಬರವಣಿಗೆ ಇಲ್ಲದ ಜನರ ಯೋಚನೆ ಅವರ ಬುಟ್ಟಿ, ಮುಖವಾಡ, ದೋಣಿಯಲ್ಲೇ ಇದೆ ಅಂತ ಅವನ ನಂಬಿಕೆ. ಅದಕ್ಕೇ ಮ್ಯೂಸಿಯಂ. 1869ರಲ್ಲಿ ಹೆಸರಾಂತ ವೈದ್ಯ ವಿಜ್ಞಾನಿ ರುಡಾಲ್ಫ್ ವಿರ್ಖೋ ಜೊತೆ ಸೇರಿ ಬರ್ಲಿನ್‌ನಲ್ಲಿ ಮಾನವಶಾಸ್ತ್ರದ ಸಂಘ ಕಟ್ಟಿದ. 1873ರಲ್ಲಿ ಮ್ಯೂಸಿಯಂ ಸ್ಥಾಪನೆ ಆಯಿತು, 1886ರಲ್ಲಿ ಅದರ ಸ್ವಂತ ಕಟ್ಟಡ ತೆರೆಯಿತು. ಆ ಹೊತ್ತಿಗೆ ಅಲ್ಲಿ ಫ್ರಾಂಜ್ ಬೋವಾಸ್ ಎಂಬ ಹುಡುಗ ಕೆಲಸ ಮಾಡುತ್ತಿದ್ದ. ಮುಂದೆ ಅಮೆರಿಕದ ಮಾನವಶಾಸ್ತ್ರಕ್ಕೆ ಬುನಾದಿ ಹಾಕಿದವನು ಅವನೇ.

ಲೋಕದ ಹಳೇ ಬದುಕಿನ ರೀತಿಗಳು ಕಣ್ಣೆದುರೇ ಅಳಿಯುತ್ತಿವೆ, ಮನೆಗೆ ಬೆಂಕಿ ಬಿದ್ದಿದೆ, ಸಿಕ್ಕಿದ್ದನ್ನು ಎತ್ತಿ ಹೊರಗೆ ತನ್ನಿ, ಯೋಚನೆ ಆಮೇಲೆ — ಬಾಸ್ಟಿಯನ್‌ನ ಧಾಟಿ ಹೀಗಿತ್ತು. ತಂದರು, ತುಂಬಾ ತಂದರು. ಕಟ್ಟಡ ಕೆಲವೇ ವರ್ಷದಲ್ಲಿ ನಮ್ಮ ಹಳೇ ಮನೆಗಳ ಅಟ್ಟದ ಹಾಗಾಯಿತು. ಕಪಾಟಿನಲ್ಲಿ ಜಾಗ ಇಲ್ಲ, ನೋಡಲು ಬಂದವರಿಗೆ ತಲೆಬುಡ ತಿಳಿಯದು. ಎಲ್ಲ ಸೇರಿದ ಮೇಲೆ ಸಿದ್ಧಾಂತ ತಾನಾಗಿ ಹೊಳೆಯುತ್ತದೆ ಅಂದುಕೊಂಡಿದ್ದ. ಅದು ಹೊಳೆಯಲೇ ಇಲ್ಲ.

ಇನ್ನೊಂದು ಮಾತನ್ನೂ ಹೇಳಲೇಬೇಕು. ಬೆಂಕಿ ಹಚ್ಚಿದ್ದು ಯಾರು? ಯುರೋಪಿನ ಹಡಗು, ವ್ಯಾಪಾರ, ಸೈನ್ಯ. ಸಾಮಾನು ಬರ್ಲಿನ್‌ಗೆ ಬಂದಿದ್ದೂ ಅದೇ ದಾರಿಯಲ್ಲಿ. 1897ರಲ್ಲಿ ಬ್ರಿಟಿಷ್ ಸೈನ್ಯ ಈಗಿನ ನೈಜೀರಿಯಾದಲ್ಲಿದ್ದ ಬೆನಿನ್ ರಾಜ್ಯದ ಅರಮನೆ ಲೂಟಿ ಮಾಡಿತು. ಆ ಕಂಚಿನ ಶಿಲ್ಪಗಳು ಮಾರಾಟಕ್ಕೆ ಬಂದಾಗ ಈ ಮ್ಯೂಸಿಯಂ ರಾಶಿ ರಾಶಿ ಕೊಂಡಿತು. ಅವುಗಳ ಒಡೆತನ ನೈಜೀರಿಯಾಕ್ಕೆ ಹೋಗಿದ್ದು 2022ರಲ್ಲಿ.

ಬಾಸ್ಟಿಯನ್ ತೀರಿಕೊಂಡಿದ್ದೂ ಪ್ರವಾಸದಲ್ಲೇ, 1905ರಲ್ಲಿ, ಟ್ರಿನಿಡಾಡ್ ದ್ವೀಪದಲ್ಲಿ. ಆಗ ವಯಸ್ಸು 78.

ನನಗೆ ಅವನು ಅಂದ ತಕ್ಷಣ ನೆನಪಾಗುವುದು ಗ್ವಾಟೆಮಾಲಾದ ಕಲ್ಲುಗಳು. 1876ರಲ್ಲಿ ಅಲ್ಲಿನ ಸಾಂತಾ ಲೂಸಿಯಾ ಕೊಟ್ಸುಮಲ್‌ಗುವಾಪಾ ಎಂಬ ಊರಿನ ತೋಟದಲ್ಲಿ ಆಳೆತ್ತರಕ್ಕೂ ಮೀರಿದ ಕೆತ್ತನೆಯ ಕಲ್ಲುಗಳನ್ನು ಕಂಡ. ತೋಟದ ಮಾಲೀಕನ ಜೊತೆ ಕರಾರು ಮಾಡಿಕೊಂಡ. ಎತ್ತಲಾಗದಷ್ಟು ಭಾರ. ಹಗುರ ಮಾಡಲು ಕಲ್ಲುಗಳ ಬೆನ್ನು ಕೊಯ್ದು, ಕೆತ್ತನೆ ಇರುವ ಮುಖ ಮಾತ್ರ ಉಳಿಸಿ, ಸಾನ್ ಹೋಸೆ ಬಂದರಿಗೆ ಎಳೆಸಿದರು. ಹಡಗಿಗೆ ಏರಿಸುವಾಗ ಒಂದು ಕಲ್ಲು ಜಾರಿ ಸಮುದ್ರಕ್ಕೆ ಬಿತ್ತು. ಉಳಿದವು ಬರ್ಲಿನ್ ಸೇರಿದವು.