ಬಳ್ಳಾರಿಯಿಂದ ಐದು ಊರಿನ ಲೋಡು: ಯಾವ ಊರು ಮೊದಲು?

ಪ್ರಶ್ನೆ: ನಮ್ಮದು ಬಳ್ಳಾರಿಯಲ್ಲಿ ಸಣ್ಣ ಟ್ರಾನ್ಸ್‌ಪೋರ್ಟ್. ಒಂದೇ ಲಾರಿಯಲ್ಲಿ ಸಿರುಗುಪ್ಪ, ಸಿಂಧನೂರು, ಗಂಗಾವತಿ, ಕೊಪ್ಪಳ, ಹೊಸಪೇಟೆ ಗೋಡೌನ್‌ಗಳಿಗೆ ಮಾಲು ಇಳಿಸಿ ವಾಪಸ್ ಬರಬೇಕು. ಪ್ರತಿ ಸಲ ಹತ್ತಿರದ ಊರಿಗೆ ಹೋಗ್ತಾ ಇದ್ದರೆ ಸಾಕಲ್ವಾ ಸರ್?

ಉತ್ತರ: ಸಾಲದು. ಐದು ಊರನ್ನು 120 ಬಗೆಯಲ್ಲಿ ಜೋಡಿಸಬಹುದು. ಹತ್ತು ಊರಾದರೆ ಆ ಸಂಖ್ಯೆ 36 ಲಕ್ಷ ದಾಟುತ್ತದೆ. ಆದರೆ ನಮ್ಮ ಭಾಗದಲ್ಲಿ ಅಷ್ಟೆಲ್ಲ ಲೆಕ್ಕಕ್ಕೆ ಕೂರಬೇಕಿಲ್ಲ. ಮೊದಲು ತುಂಗಭದ್ರೆಯನ್ನು ಎಷ್ಟು ಸಲ ದಾಟುತ್ತೀರಿ ಅಂತ ಎಣಿಸಿ.

ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ಹೊಳೆಯ ಈ ಕಡೆ. ಸಿಂಧನೂರು, ಗಂಗಾವತಿ, ಕೊಪ್ಪಳ ಆ ಕಡೆ. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ದಾಟಿದರೆ ಸಾಕು. ಸಿರುಗುಪ್ಪ ಮುಗಿಸಿ ಧಡೇಸೂಗೂರು ಸೇತುವೆ ದಾಟಿ ಸಿಂಧನೂರು, ಗಂಗಾವತಿ, ಕೊಪ್ಪಳ. ಆಮೇಲೆ ಮುನಿರಾಬಾದ್ ಕಡೆಯಿಂದ ಹೊಸಪೇಟೆಗೆ ಇಳಿದು ಬಳ್ಳಾರಿ. ಗಂಗಾವತಿಯಲ್ಲಿ ಡ್ರೈವರ್ "ಹೊಸಪೇಟೆ ಹತ್ತಿರಾನೇ ಇದೆ" ಅಂತ ಮೊದಲು ಅಲ್ಲಿಗೆ ಹೋದರೆ, ಕೊಪ್ಪಳಕ್ಕಾಗಿ ಮತ್ತೆ ಹೊಳೆ ದಾಟಬೇಕು. ಅಲ್ಲಿಂದ ಊರಿಗೆ ಬರಲು ಅದೇ ಹೊಸಪೇಟೆ ರಸ್ತೆಯನ್ನು ಎರಡನೇ ಸಲ ತುಳಿಯಬೇಕು. ಸುಮ್ನೆ ಡೀಸೆಲ್ ದಂಡ.

ಮ್ಯಾಪ್ ಕಂಪ್ಲಿ ಸೇತುವೆಯನ್ನು ಒಳದಾರಿಯಾಗಿ ತೋರಿಸಬಹುದು. ಮಳೆಗಾಲದಲ್ಲಿ ಅದನ್ನು ನಂಬಿ ಹೊರಡಬೇಡಿ. ಡ್ಯಾಮಿನಿಂದ ಜಾಸ್ತಿ ನೀರು ಬಿಟ್ಟರೆ ಆ ಸೇತುವೆ ಮುಳುಗುತ್ತದೆ, ಓಡಾಟ ನಿಲ್ಲುತ್ತದೆ.

ಇದೇ ಸುತ್ತನ್ನು ಹೊಸಪೇಟೆಯಿಂದ ಶುರುಮಾಡಿ ಉಲ್ಟಾ ಕೂಡ ಓಡಿಸಬಹುದು, ಕಿಲೋಮೀಟರ್ ಅಷ್ಟೇ. ಯಾವ ಕಡೆಯಿಂದ ಅನ್ನೋದನ್ನು ಭಾರ ಮತ್ತು ಗೋಡೌನ್ ಗೇಟು ತೆರೆದಿರುವ ಸಮಯ ತೀರ್ಮಾನಿಸಲಿ. ಹೆಚ್ಚು ತೂಕದ ಮಾಲು ಬೇಗ ಇಳಿದಷ್ಟೂ ಮುಂದಿನ ದಾರಿಗೆ ಡೀಸೆಲ್ ಕಡಿಮೆ ಸಾಕು. ಕೊನೆಗೆ ಇಳಿಸುವ ಮಾಲು ಲಾರಿಯ ಒಳಗಡೆಗೆ ಹೋಗಬೇಕು, ಹಾಗಾಗಿ ಲೋಡಿಂಗ್‌ಗೆ ಮುಂಚೆಯೇ ಸುತ್ತು ಗೊತ್ತಾಗಿರಲಿ. ಇಲ್ಲದಿದ್ದರೆ ಹಮಾಲರು ಒಂದೇ ಚೀಲವನ್ನು ಎರಡು ಸಲ ಹೊರಬೇಕಾಗುತ್ತದೆ. ಅವರ ಬೆನ್ನಿನ ಬಗ್ಗೆಯೂ ನಾವು ಯೋಚಿಸಬೇಕು.

ಭತ್ತದ ಸುಗ್ಗಿಯಲ್ಲಿ ಗಂಗಾವತಿ, ಸಿಂಧನೂರಿನ ಮಿಲ್‌ಗಳ ಮುಂದೆ ಲಾರಿ ಸಾಲು ನಿಲ್ಲುತ್ತದೆ. ಅಲ್ಲಿ ಹತ್ತು ಕಿಲೋಮೀಟರ್ ಉಳಿಸಿ ಮೂರು ಗಂಟೆ ಕಾಯುವುದರಲ್ಲಿ ಅರ್ಥವಿಲ್ಲ. ಹೊರಡುವ ಮುಂಚೆ ಫೋನ್ ಮಾಡಿ ಸಾಲು ಎಷ್ಟಿದೆ ಕೇಳಿ. ಮಧ್ಯದಲ್ಲಿ ರೈಲ್ವೆ ಗೂಡ್ಸ್ ಶೆಡ್‌ನಿಂದ ಮಾಲು ಎತ್ತುವುದಿದ್ದರೆ ಅದರ ಸಮಯವನ್ನೇ ಮೊದಲು ಬರೆದುಕೊಳ್ಳಿ. ಕೊಟ್ಟ ಗಡುವು ದಾಟಿ ಮಾಲು ಅಲ್ಲೇ ಬಿದ್ದಿದ್ದರೆ ವಾರ್ಫೇಜ್, ಅಂದರೆ ಮಾಲು ತಡವಾಗಿ ಎತ್ತಿದ್ದಕ್ಕೆ ರೈಲ್ವೆಯವರು ಹಾಕುವ ಶುಲ್ಕ, ಕಟ್ಟಬೇಕಾಗುತ್ತದೆ.